ಮೈಲುತುತ್ತ ಹೊಡೆದ ಕುರ್ಚಿ

ತೋಟದ ಕೂಲಿಗಳ ಲೈನ್ ಮನೆಯ ಹುಡುಗಿ ಬಿ.ಎಸ್ಸಿ. ಮಾಡುವುದು ಆಗದ ಮಾತು ಎಂದವರು ನಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಆಗುತ್ತೆ ಎಂದವರು ಮೇಷ್ಟ್ರು. ಅವರ ಎಡಗೈಯ ಕೊನೆಯ ಎರಡು ಬೆರಳು ಅಂಗೈಯೊಳಕ್ಕೆ ಮಡಚಿಕೊಂಡು ಹಾಗೇ ನಿಂತಿದ್ದವು. ಬಿಸಿ ಲೋಟವನ್ನು ಮೊದಲು ಬಲಗೈಯಿಂದ ಮುಟ್ಟಿ ನೋಡಿ, ಆಮೇಲೆ ಎಡಗೈಗೆ ಕೊಡುತ್ತಿದ್ದರು. ಎಡಗೈ ಸುಟ್ಟರೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಅವ್ವ ಅರಕಲಗೂಡು ಕಡೆಯಿಂದ ಬಂದು ಚೆಟ್ಟಳ್ಳಿ ಹತ್ತಿರದ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದಳು. ನಮ್ಮಂಥವರ ಮಕ್ಕಳಿಗೆ ಇದ್ದದ್ದು ಒಂದೇ ಶಾಲೆ, ಒಬ್ಬರೇ ಮೇಷ್ಟ್ರು. ನಾನು ಪಬ್ಲಿಕ್ ಪರೀಕ್ಷೆ ಪಾಸಾದರೆ ಮಡಿಕೇರಿಯ ಹೈಸ್ಕೂಲು. ಇಲ್ಲದಿದ್ದರೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಅವ್ವನ ಪಕ್ಕದಲ್ಲೇ ಕೊಯ್ಲು.

ಆ ವರ್ಷವೇ, ಮೇಷ್ಟ್ರ ಬೆರಳು ಮಡಚಿದ್ದು ಕುಷ್ಠದಿಂದ ಎಂಬ ಸುದ್ದಿ ಲೈನಿಗೆ ಬಂತು.

ನಮ್ಮವರ ಕಣ್ಣಿಗೆ ದಿನಾ ಬೀಳುತ್ತಿದ್ದ ಅಂಟುರೋಗವೆಂದರೆ ಕಾಫಿ ಎಲೆಯ ತುಕ್ಕು. ಎಲೆಯಡಿಯ ಕಿತ್ತಳೆ ಹುಡಿ ಸೀರೆಗೆ ಹತ್ತಿ ಪಕ್ಕದ ಗಿಡಕ್ಕೂ ಹೋಗುತ್ತದೆ, ಹತ್ತಿದ ಗಿಡದ ಎಲೆಯೆಲ್ಲ ಉದುರುತ್ತದೆ. ಅದಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಮದ್ದು ಹೊಡೆಯುತ್ತಾರೆ. ಮೇಷ್ಟ್ರ ರೋಗವೂ ಅಂಥದ್ದೇ ಎಂದುಕೊಂಡರು. ಒಂದು ಭಾನುವಾರ ಪಂಪು ಹೊತ್ತು ಹೋಗಿ ಶಾಲೆಯ ಕುರ್ಚಿ, ಬೆಂಚು, ಬಾಗಿಲ ಚಿಲಕಕ್ಕೆಲ್ಲ ಮದ್ದು ಹೊಡೆದು ಬಂದರು. ಮಾರನೆಯ ದಿನ ಮೇಷ್ಟ್ರು ಆ ಕುರ್ಚಿಯಲ್ಲೇ ಕೂತು ಪಾಠ ಮಾಡಿದರು. ಎದ್ದಾಗ ಪಂಚೆಯ ಹಿಂದೆಲ್ಲ ನೀಲಿ.

"ಒಳ್ಳೇದಾಯ್ತು. ಈ ಮಳೆಗಾಲ ನಂಗೆ ಎಲೆ ಉದುರಲ್ಲ," ಎಂದರು.

ನಗಲು ಕ್ಲಾಸಿನಲ್ಲಿ ಮೂರೇ ಮಕ್ಕಳಿದ್ದೆವು. ಸಂಜೆಗೆ ಅವ್ವ ನನ್ನನ್ನೂ ಶಾಲೆ ಬಿಡಿಸಿದಳು.

ಎರಡು ದಿನ ನೋಡಿ ಮೇಷ್ಟ್ರೇ ಲೈನಿಗೆ ಬಂದರು. ಒಳಗೆ ಬರಲಿಲ್ಲ, ಅಂಗಳದ ಅಂಚಿನಲ್ಲಿ ನಿಂತರು. ಕೈಯಲ್ಲಿ ಬಾಡಿದ ಕಾಫಿ ಗಿಡದ ಕಾಂಡವಿತ್ತು. ಅದನ್ನು ಕತ್ತಿಯಿಂದ ಸೀಳಿ ಒಳಗಿನ ಹುಳು ತೋರಿಸಿದರು. ತನ್ನ ರೋಗ ತುಕ್ಕಿನ ಥರ ಮೈಮೇಲಿನ ಹುಡಿಯಲ್ಲ, ಈ ಕಾಂಡಕೊರಕದ ಥರ ಒಳಗೆ ನರದಲ್ಲಿ ಕೂತು ತಿನ್ನುವಂಥದ್ದು ಎಂದರು. ತೊಗಟೆ ಮುಟ್ಟಿದವರ ಕೈಗೆ ಹುಳು ಹತ್ತುತ್ತದೆಯೇ ಎಂದು ಕೇಳಿದರು. ಮದ್ದು ತಿನ್ನದ ರೋಗಿಯ ಜತೆ ಬಹುಕಾಲ ಒಂದೇ ಸೂರಿನಡಿ ಉಸಿರಾಡಿಕೊಂಡಿದ್ದವರಿಗೆ, ಅವರಲ್ಲೂ ಎಲ್ಲೋ ಕೆಲವರಿಗೆ ಬರುತ್ತದೆ ಎಂಬುದನ್ನೂ ಮುಚ್ಚಿಡಲಿಲ್ಲ.

"ನನ್ನ ಮಗೀಗೆ ಬರಲ್ಲ ಅಂತ ಆಣೆ ಮಾಡ್ತೀರಾ ಮೇಷ್ಟ್ರೆ?" ಎಂದಳು ಅವ್ವ.

"ಆಣೆ ಮಾಡಲ್ಲ ಕಣಮ್ಮ. ವರ್ಷಗಟ್ಟಲೆ ಮಾತ್ರೆ ನುಂಗಿದೀನಿ. ಇನ್ನು ಪಾಠ ಮಾಡಬಹುದು ಅಂತ ಡಾಕ್ಟರು ಹೇಳಿದಾರೆ. ಹೇಳದೆ ಇದ್ದಿದ್ರೆ ನಾನೇ ಮಕ್ಕಳ ಹತ್ರ ಬರ್ತಿರ್ಲಿಲ್ಲ. ಪರೀಕ್ಷೆ ಹತ್ರ ಬಂತು, ಕಳಿಸು."

ಅವ್ವ ಮತ್ತೊಮ್ಮೆ ಆ ಹುಳುವನ್ನು ಬಗ್ಗಿ ನೋಡಿದಳು. ಆಮೇಲೆ ನನಗೆ, ದೂರ ಕೂತ್ಕೋ ಎಂದಷ್ಟೇ ಹೇಳಿ ಒಳಗೆ ಹೋದಳು. ನಾನು ಶಾಲೆಗೆ ಹೋದೆ. ಪಾಸಾದೆ.

ಮುಂದೆ ನಾನೇ ಜೀವಶಾಸ್ತ್ರ ಕಲಿಸುತ್ತಿದ್ದಾಗ ಎಚ್‌ಐವಿಯ ಸುದ್ದಿ ಬಂತು. ಮತ್ತೆ ಅದೇ ಮಾತು: ಲೋಟ ಮುಟ್ಟಿದರೆ ಬರುತ್ತೆ, ಪಕ್ಕ ಕೂತರೆ ಬರುತ್ತೆ, ಸೊಳ್ಳೆ ಕಚ್ಚಿದರೆ ಬರುತ್ತೆ. ಆ ವೈರಸ್ಸು ನಮ್ಮನ್ನು ಕಾಯುವ ಬಿಳಿ ರಕ್ತಕಣಕ್ಕೇ ಅಂಟಿಕೊಂಡು ಒಳಹೊಕ್ಕು, ಅದರ ವಂಶವಾಹಿಯಲ್ಲಿ ತನ್ನದನ್ನು ಸೇರಿಸಿ, ಆ ಕಣದ ಕೈಯಲ್ಲೇ ತನ್ನ ಸಂತಾನ ಮಾಡಿಸಿಕೊಳ್ಳುತ್ತದೆ. ಅದು ದಾಟುವ ದಾರಿ ರಕ್ತ, ಲೈಂಗಿಕ ಸಂಪರ್ಕ, ತಾಯಿಯಿಂದ ಮಗು ಎಂದು ಹೇಳುವಾಗ ಮೇಷ್ಟ್ರ ರೀತಿಯನ್ನೇ ಹಿಡಿಯಲು ನೋಡುತ್ತಿದ್ದೆ. ಗೊತ್ತಿದ್ದಷ್ಟು ಹೇಳು, ಆಣೆ ಮಾಡಬೇಡ. ಅಷ್ಟು ಹೊತ್ತಿಗೆ ಅವರು ತೀರಿಕೊಂಡಿದ್ದರು.

ಅವರಿದ್ದಾಗಿನದೊಂದು ಹೇಳಬೇಕು. ನನ್ನ ಡಿಗ್ರಿ ಸರ್ಟಿಫಿಕೇಟು ಬಂದ ವಾರ ಅವ್ವನೂ ನಾನೂ ಕುಶಾಲನಗರಕ್ಕೆ ಹೋದೆವು. ರಿಟೈರಾದ ಮೇಲೆ ಮೇಷ್ಟ್ರು ಅಲ್ಲಿ ತಂಗಿಯ ಮನೆಯಲ್ಲಿದ್ದರು. ನಾನು ಸರ್ಟಿಫಿಕೇಟು ಚಾಚಿದರೆ ಅವರು ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನೀನೇ ಹಿಡಿ, ಇಲ್ಲಿಂದಲೇ ಕಾಣುತ್ತೆ ಎಂದರು. ಹಾಗೆ ನಿಲ್ಲುವುದು ಅವರಿಗೆ ರೂಢಿಯಾಗಿಬಿಟ್ಟಿತ್ತು. ಅವ್ವ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಅವರ ಹತ್ತಿರ ಹೋದಳು. ಎಡಗೈ ಹಿಡಿದು ಮುಂದಕ್ಕೆ ತಂದು, ಹೆಬ್ಬೆರಳಡಿ ಅದನ್ನು ಸಿಗಿಸಿದಳು.

"ನಂಗೆ ಓದಕ್ಕೆ ಬರಲ್ಲ ಮೇಷ್ಟ್ರೆ. ನೀವೇ ಹಿಡ್ಕಂಡು ಓದಿ. ನಾನಿಲ್ಲೇ ಪಕ್ಕ ಕೂತ್ಕತೀನಿ."