ಚಾಯ್ ಕೇಳಿ ಫೋ ಉಂಡ ಸರ್ವಮಂಗಳಮ್ಮ

ಹೊನ್ನಾಳಿಯ ಸರ್ವಮಂಗಳಮ್ಮನಿಗೆ ಹೊತ್ತಿಗೆ ಸರಿಯಾಗಿ ಚಾ ಬೀಳದಿದ್ದರೆ ತಲೆ ಸಿಡಿಯುತ್ತದೆ. ಊಟ ತಪ್ಪಿದರೂ ನಡೆದೀತು, ಚಾ ತಪ್ಪಕೂಡದು. ಈ ಚಟವೇ ಆಕೆಗೆ ಪರದೇಶದಲ್ಲಿ ಹೆಸರು ತಂದಿತು, ಊರಿನಲ್ಲಿ ಹೆಸರು ಕೆಡುವ ಹಾಗೂ ಮಾಡಿತು ಎಂದರೆ ನಂಬುತ್ತೀರಾ? ನಂಬಲೇಬೇಕು, ನಡೆದದ್ದೇ ಹಾಗೆ.

ಗಂಡ ಗುರುಬಸವರಾಜನದು ಅಡಿಕೆ ವ್ಯಾಪಾರ. ಹೋದ ಬೇಸಿಗೆಯಲ್ಲಿ ಹೊನ್ನಾಳಿ, ಚನ್ನಗಿರಿ, ನ್ಯಾಮತಿ ಕಡೆಯ ಒಂದಿಷ್ಟು ವ್ಯಾಪಾರಸ್ಥರು ಸೇರಿ, ಹೆಂಡಿರನ್ನೂ ಕರೆದುಕೊಂಡು ವಿಯೆಟ್ನಾಂ ನೋಡಲು ಹೊರಟರು. ಎಲ್ಲರೂ ಕಟ್ಟಾ ಸಸ್ಯಾಹಾರಿಗಳು. ಚೀಲದ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ. ಆದರೆ ಅಲ್ಲಿನ ಸೆಕೆಗೆ ರೊಟ್ಟಿ ಮೆತ್ತಗಾಗಿ ಬೂಸ್ಟು ಹಿಡಿಯಿತು. ಹೋಟೆಲಿನಲ್ಲಿ ಏನನ್ನು ತೋರಿಸಿ ಕೇಳಿದರೂ ಒಳಗೆ ಮೀನೋ ಸಿಗಡಿಯೋ ಇದ್ದೇ ಇರುತ್ತಿತ್ತು. ಅಡಿಕೆ ಮಂಡಿಯಲ್ಲಿ ಹುಲಿಗಳಂತೆ ಗುಡುಗುವ ಗಂಡಸರು ಬಾಳೆಹಣ್ಣು ಸುಲಿದುಕೊಂಡು ಮುಖ ಊದಿಸಿ ಕುಳಿತರು.

ಸರ್ವಮಂಗಳಮ್ಮನ ಗೋಳೇ ಬೇರೆ. ತಲೆನೋವು ತಡೆಯಲಾರದೆ ಬೀದಿಬದಿಯ ಹೋಟೆಲೊಂದಕ್ಕೆ ನುಗ್ಗಿದಳು. ಕನ್ನಡ ತಿಳಿಯದಿದ್ದರೆ ಹೋಗಲಿ, ಹಿಂದಿಯಾದರೂ ತಿಳಿದೀತು ಎಂದು ಒಲೆಯ ಮುಂದಿದ್ದ ಹೆಂಗಸಿಗೆ, "ಚಾಯ್, ಚಾಯ್!" ಎಂದು ಹೆಬ್ಬೆರಳು ಬಾಯಿಗೆ ಹಿಡಿದು ತೋರಿಸಿದಳು. ಆ ಹೆಂಗಸಿನ ಮುಖ ಅರಳಿತು. "ಚಾಯ್!" ಎಂದು ತಲೆಯಾಡಿಸಿ ಒಳಗೆ ಹೋದವಳು ತಂದಿಟ್ಟದ್ದು ದೊಡ್ಡದೊಂದು ಬೋಗುಣಿ. ತುಂಬ ಬಿಸಿಬಿಸಿ ತಿಳಿಸಾರು, ಅದರಲ್ಲಿ ಅಕ್ಕಿಯ ಶಾವಿಗೆ, ಮೇಲೆ ಹುರಿದ ಅಣಬೆ. ಪಕ್ಕದ ತಟ್ಟೆಯಲ್ಲಿ ನಿಂಬೆಹೋಳು, ಮೊಳಕೆಕಾಳು, ಎಂಥದೋ ಸೊಪ್ಪು.

"ಅಯ್ಯೋ ಶಿವನೇ! ಚಾ ಕೇಳಿದ್ರೆ ಕೆರೆನೇ ತಂದಿಟ್ಳಲ್ರೀ!"

ಹಿಂದೆಯೇ ಓಡಿಬಂದ ತಂಡದ ಗೈಡ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಬಿಡಿಸಿ ಹೇಳಿದ. ಇದರ ಹೆಸರು ಫೋ. ಸಾಮಾನ್ಯವಾಗಿ ಎಲುಬು ಬೇಯಿಸಿದ ಸಾರಿನಲ್ಲಿ ಮಾಡುತ್ತಾರೆ. ಆದರೆ ಇವರ ಭಾಷೆಯಲ್ಲಿ 'ಚಾಯ್' ಎಂದರೆ ಸಸ್ಯಾಹಾರ! ಅದಕ್ಕೇ ಬರೀ ತರಕಾರಿಯಲ್ಲಿ ಮಾಡಿದ್ದನ್ನು ಕೊಟ್ಟಿದ್ದಾರೆ.

ಸರ್ವಮಂಗಳಮ್ಮ ಅಳುಕುತ್ತಲೇ ಒಂದು ಗುಟುಕು ಕುಡಿದಳು. ಮೂಲಂಗಿಯ ಸಿಹಿ, ಸುಟ್ಟ ಶುಂಠಿಯ ಘಾಟು, ಹಿಂದಿನಿಂದ ಚಕ್ರಮೊಗ್ಗಿನ ಪರಿಮಳ. ಸೊಪ್ಪನ್ನು ಮೂಸಿದರೆ ನಮ್ಮ ಕಾಮಕಸ್ತೂರಿಯದೇ ವಾಸನೆ. "ನಾವು ಮುಡಿಯೋದನ್ನ ಇವರು ಉಣ್ತಾರಲ್ರೀ!" ಎನ್ನುತ್ತಲೇ ಬೋಗುಣಿಯ ತಳ ಕಾಣಿಸಿದಳು. ತಲೆನೋವು ಎಲ್ಲಿ ಹೋಯಿತೋ ಆಕೆಗೇ ಗೊತ್ತಾಗಲಿಲ್ಲ.

ಅಲ್ಲಿಂದ ಮುಂದೆ ಯಾವ ಊರಿನ ಯಾವ ಹೋಟೆಲಿಗೆ ಹೋದರೂ ಆಕೆಯೇ ಮುಂದು. "ಅಕ್ಕಾ, ಚಾಯ್ ಹೇಳ್ರಿ" ಎಂದು ಗಂಡಸರು ಹಿಂದೆ ಸಾಲು ನಿಲ್ಲುತ್ತಿದ್ದರು. ಹೆಂಗಸರ ಮಾತಿಗೆ ಕಿವಿಗೊಡದ ಮಂದಿ! ಸರ್ವಮಂಗಳಮ್ಮ ಸೆರಗು ಸಿಕ್ಕಿಸಿಕೊಂಡು ನುಗ್ಗುವುದನ್ನು ನೋಡಿ ಗುರುಬಸವರಾಜನಿಗೂ ಎದೆಯುಬ್ಬಿತು. ಬೋಗುಣಿಯ ಮುಂದೆ ನಗುತ್ತಿರುವ ಹೆಂಡತಿಯ ಫೋಟೋ ತೆಗೆದು ಮನೆಮಂದಿಯ ವಾಟ್ಸಾಪ್ ಗುಂಪಿಗೆ ಹಾಕಿಯೇಬಿಟ್ಟ.

ಅಲ್ಲಿಗೆ ಹತ್ತಿತು ನೋಡಿ ಬೆಂಕಿ. ಊರಿಗೆ ಬಂದು ಕಾಲು ಚಾಚುವಷ್ಟರಲ್ಲಿ ಸಾಸ್ವೆಹಳ್ಳಿಯಿಂದ ಹಿರಿಯ ವಾರಗಿತ್ತಿ ಕಲ್ಲಮ್ಮನ ಫೋನು.

"ಮಂಗಳಾ, ಆ ಸಾರಿನ ಮೇಲೆ ಕಪ್ಪಗೆ ತೇಲ್ತಿತ್ತಲ್ಲ, ಅದು ಖಂಡ ಅಲ್ವೇನೆ?"

"ಅಣಬೆ ಅಕ್ಕಾ."

"ನಂಗೇನು ಕಣ್ಣಿಲ್ವಾ? ಲಿಂಗ ಮುಟ್ಟಿ ಆಣೆ ಮಾಡು. ಇಲ್ಲಾಂದ್ರೆ ಈ ಸಲ ಶ್ರಾವಣ ಸೋಮವಾರ ನೀನು ಒಲೆ ಮುಟ್ಟಂಗಿಲ್ಲ."

ಸಾಸ್ವೆಹಳ್ಳಿಯ ಹಿರೀಮನೆಯಲ್ಲಿ ಶ್ರಾವಣದ ಸೋಮವಾರ ಮಠದ ಅಯ್ಯನವರನ್ನು ಕರೆದು ಉಣಿಸುವುದು ರೂಢಿ. ಮದುವೆಯಾಗಿ ಬಂದಂದಿನಿಂದ ಆ ಅಡಿಗೆ ಸರ್ವಮಂಗಳಮ್ಮನದೇ. ಆ ಮನೆಯಲ್ಲಿ ಆಕೆಗಿದ್ದ ದೊಡ್ಡ ಮರ್ಯಾದೆ ಅದೊಂದೇ. ಕಣ್ಣಲ್ಲಿ ನೀರಾಡಿತು.

"ಒಂದ್ಸಲ ಮುಟ್ಟಿ ಹೇಳಿಬಿಡು ಮಾರಾಯ್ತಿ, ಗಂಟೇನ್ ಹೋಗ್ತೈತೆ?" ಎಂದ ಗುರುಬಸವರಾಜ.

ನೀರು ಇಂಗಿ ಸಿಟ್ಟು ಏರಿತು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳಾಕೆ ನಾನೇನ್ ಕದ್ದೀನೇನ್ರೀ? ಆಣೆಗೀಣೆ ಇಲ್ಲ." ಅಲ್ಲೇ ಫೋನ್ ತಿರುಗಿ ಹಚ್ಚಿದಳು. "ಅಕ್ಕಾ, ನಾನು ಆಣೆ ಮಾಡಲ್ಲ. ಅದನ್ನೇ ನಿಮ್ಮ ಕಣ್ಮುಂದೆ ಮಾಡ್ತೀನಿ, ಉಣ್ಣಾಕೆ ಬರ್ರಿ."

ಕಲ್ಲಮ್ಮ ಬಿಡುವ ಪೈಕಿಯೇ? ಮರುದಿನವೇ ಬಸ್ಸು ಹತ್ತಿ ಬಂದಳು. ಕೊಟ್ಟ ನೀರನ್ನೂ ಮುಟ್ಟದೆ ಅಡಿಗೆಮನೆಯಲ್ಲಿ ಮಣೆ ಎಳೆದುಕೊಂಡು ಕುಳಿತಳು. ಸರ್ವಮಂಗಳಮ್ಮ ಅಲ್ಲಿನ ಹೋಟೆಲುಗಳ ಒಲೆಯ ಮುಂದೆ ನಿಂತು ನೋಡಿ ಬಂದಿದ್ದಂತೆಯೇ ಕೆಲಸಕ್ಕೆ ಇಳಿದಳು. ಈರುಳ್ಳಿ, ಶುಂಠಿಯನ್ನು ಕೆಂಡದ ಮೇಲೆ ಕಪ್ಪಗೆ ಸುಟ್ಟಳು. ಮೂಲಂಗಿ, ಗಜ್ಜರಿ, ಚಕ್ರಮೊಗ್ಗು, ಚಕ್ಕೆ ಹಾಕಿ ಸಾರು ಕುದಿಯಲು ಬಿಟ್ಟು, ಅಕ್ಕಿಹಿಟ್ಟಿನ ಶಾವಿಗೆ ಒತ್ತಿದಳು. ಸಂತೆಯ ಅಣಬೆಯನ್ನು ಹೆಚ್ಚಿ ಹುರಿದಳು. ಕಲ್ಲಮ್ಮ ಒಂದು ಚೂರನ್ನು ಎರಡು ಬೆರಳಲ್ಲಿ ಎತ್ತಿ, ಫೋನಿನ ಫೋಟೋ ಪಕ್ಕಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದಳು. ಅದೇ ಬಣ್ಣ, ಅದೇ ಆಕಾರ.

ಬೋಗುಣಿ ಮುಂದಿಟ್ಟಾಗ ಕಲ್ಲಮ್ಮ ಮೊದಲು ಮೂಸಿದಳು. ಆಮೇಲೆ ಒಂದು ಗುಟುಕು. ಆಮೇಲೆ ಕೈ ಹಾಕಿ ಶಾವಿಗೆ ಎತ್ತಿದಳು. ಕೊನೆಗೆ ಬೋಗುಣಿಯನ್ನೇ ಬಾಯಿಗೆ ಎತ್ತಿದಳು. ಹೆಂಗೈತೆ ಎಂದು ಸರ್ವಮಂಗಳಮ್ಮ ಕೇಳಲಿಲ್ಲ. ಕೇಳುವ ದರ್ದು ಆಕೆಗಿರಲಿಲ್ಲ.

ಕಲ್ಲಮ್ಮ ಬೋಗುಣಿ ಕೆಳಗಿಟ್ಟು ಬಾಯಿ ಒರೆಸಿಕೊಂಡಳು. ತಪ್ಪಾಯಿತು ಎನ್ನುವ ಮಾತು ಆಕೆಯ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ, ಅವತ್ತೂ ಬರಲಿಲ್ಲ.

"ಸೋಮವಾರ ಈರುಳ್ಳಿ ನಡೆಯಲ್ಲ," ಎಂದಳು. "ಈರುಳ್ಳಿ ಇಲ್ದೆ ಇದನ್ನ ಮಾಡಾಕೆ ಬರ್ತೈತಾ?"

"ಯಾಕಕ್ಕಾ?"

"ಯಾಕಂದ್ರೆ? ಅಯ್ಯನೋರಿಗೆ ಬಡಿಸಾಕೆ. ವರ್ಷಾವರ್ಷಾ ಹೋಳಿಗೆ ಉಂಡು ಉಂಡು ಅವರಿಗೂ ಸಾಕಾಗಿರ್ತೈತೆ."

ಸರ್ವಮಂಗಳಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. ದನಿ ಗಟ್ಟಿಯಾಗಿಯೇ ಬಂತು.

"ಬೇರೇರ ಕೈಲಿ ಬರ್ತೈತೋ ಇಲ್ವೋ ಗೊತ್ತಿಲ್ಲ ಅಕ್ಕಾ. ನನ್ ಕೈಲಿ ಬರ್ತೈತೆ."