ಗೋಡೆಯ ಹಿಮ್ಮಡಿ

ನನ್ನ ನಕ್ಷೆಯಲ್ಲಿ ಗೋಡೆಯ ಪಾಯ ಮೂರೂವರೆ ಅಡಿ ಅಗಲವಿತ್ತು. ಗಿರಿನಗರದ ಸೈಟಿಗೆ ಹೋಗಿ ನೋಡಿದರೆ ಮೇಸ್ತ್ರಿ ಒಂದೂವರೆ ಅಡಿಗೇ ಪಾಯ ತೋಡಿಸಿ ನಿಲ್ಲಿಸಿದ್ದರು. ಯಾರು ಹೇಳಿದ್ದು ಎಂದು ಕೇಳಿದೆ. ಅವರು ಮಾಲೀಕರ ಕಡೆ ಕೈ ತೋರಿಸಿ ಮೆಲ್ಲಗೆ ಜಾರಿಕೊಂಡರು.

ಮಾಲೀಕರು ಸಾರಕ್ಕಿಯ ಹಳೇ ಒಕ್ಕಲು ಮನೆತನದವರು. ಹೊಲವೆಲ್ಲ ಬಡಾವಣೆಯಾದ ಮೇಲೆ ಮನೆ ಕಟ್ಟಿ ಬಾಡಿಗೆಗೆ ಕೊಡುವುದೇ ಅವರ ಕಸುಬು. ಇದು ಇಳಿಜಾರಿನ ಸೈಟು. ರಸ್ತೆಯ ಮಟ್ಟಕ್ಕೆ ತರಲು ಐದಡಿ ಮಣ್ಣು ತುಂಬಿಸುವವರಿದ್ದರು. ಆ ಮಣ್ಣನ್ನು ತಡೆಯಬೇಕಾದದ್ದು ಈ ಗೋಡೆ. ಅದರ ಆಚೆ, ತಗ್ಗಿನಲ್ಲಿ, ಒಂದು ಶೀಟಿನ ಮನೆ. ಅಡುಗೆಮನೆಯ ಕಿಟಕಿ ತೆರೆದಿತ್ತು. ಒಬ್ಬ ಹೆಂಗಸು ಒಲೆಯ ಮುಂದೆ ನಿಂತಿದ್ದರು. ಕಿಟಕಿಗೂ ಈ ಪಾಯಕ್ಕೂ ನಡುವೆ ಒಂದು ಮಾರು ಜಾಗವೂ ಇರಲಿಲ್ಲ.

ಪಾಯ ಕತ್ತರಿಸಿದ್ದಕ್ಕೆ ಕಾರಣ ನೀರಿನ ಸಂಪು. ಅದು ಈಶಾನ್ಯದಲ್ಲೇ, ಮೂಲೆಗೆ ಒತ್ತಿಕೊಂಡೇ ಇರಬೇಕೆಂದು ವಾಸ್ತು ನೋಡುವವರು ಹೇಳಿದ್ದರಂತೆ. ಅಲ್ಲಿಗೆ ನನ್ನ ಗೋಡೆಯ ಹಿಮ್ಮಡಿ ಅಡ್ಡ ಬಂತು. ಗೋಡೆಯ ಬುಡದಿಂದ ಒಳಗೆ, ತುಂಬುವ ಮಣ್ಣಿನ ಕೆಳಕ್ಕೆ ಚಾಚಿಕೊಳ್ಳುವ ಭಾಗ ಅದು. ಮಣ್ಣು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಅದೇ ಮಣ್ಣು ಹಿಮ್ಮಡಿಯ ಮೇಲೆ ಕೂತು, ಗೋಡೆ ಮಗುಚದಂತೆ, ಜಾರದಂತೆ ಅದುಮಿ ಹಿಡಿಯುತ್ತದೆ. ಹಿಮ್ಮಡಿ ಕತ್ತರಿಸಿದರೆ ತಳ್ಳುವುದಷ್ಟೇ ಉಳಿಯುತ್ತದೆ. ಬನಶಂಕರಿ ಬಸ್ಸಿನಲ್ಲಿ ಕಂಬಿ ಹಿಡಿಯದೆ, ಕಾಲು ಜೋಡಿಸಿ ನಿಂತವರ ಗತಿಯೇ ಅದಕ್ಕೂ. ಇದನ್ನೆಲ್ಲ ಬಿಡಿಸಿ ಹೇಳಿದೆ. ಮಾಲೀಕರು ಪೂರ್ತಿ ಕೇಳಿಸಿಕೊಂಡು ನಕ್ಕರು.

“ನಮ್ ತಾತ ಯಾವ್ ಇಂಜಿನಿಯರ್ನ ಕೇಳಿದ್ರು ಮೇಡಂ? ಹಿತ್ಲಲ್ಲಿ ಅವ್ರು ಕಟ್ಟಿದ್ ಕಲ್ಗೋಡೆ ಇವತ್ತಿಗೂ ನಿಂತೈತೆ. ನೀವು ಸೈನ್ ಹಾಕ್ಲಿಲ್ಲ ಅಂದ್ರೆ ಬೇರೆಯವ್ರು ಹಾಕ್ತಾರೆ.”

ಹಾಕುವವರು ಇದ್ದಾರೆಂದು ನನಗೂ ಗೊತ್ತು. ಅದಕ್ಕೇ ಪಿತ್ತ ನೆತ್ತಿಗೇರಿತು. ಹೆಂಗಸು, ಹೆದರಿಕೊಂಡು ಅಳತೆ ಎಲ್ಲ ಜಾಸ್ತಿ ಬರೆಯುತ್ತಾಳೆ ಎಂದು ನನ್ನ ಬೆನ್ನ ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಆ ಒಲೆಯ ಮುಂದೆ ನಿಲ್ಲುವವರು ಅವರಲ್ಲ.

“ನಡೀರಿ, ನಿಮ್ ತಾತನ ಗೋಡೆ ಬುಡಾನೇ ಅಗೆದು ನೋಡೋಣ,” ಎಂದೆ. “ನನ್ ಅಳತೆಗಿಂತ ಜಾಸ್ತಿ ಇದ್ರೆ ನೀವು ಸಂಪ್ ಸರಿಸ್ಬೇಕು. ಕಮ್ಮಿ ಇದ್ರೆ ನಾನು ಈ ಕೆಲ್ಸ ಬಿಟ್ ಹೋಗ್ತೀನಿ. ಸೈನ್ ಅಂತೂ ಹಾಕಲ್ಲ.”

ಮೇಸ್ತ್ರಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ಅವರ ಹಳೇ ಮನೆಗೆ ಹೊರಟೆವು. ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡೆವು. ನಿಜ ಹೇಳುತ್ತೇನೆ, ನನಗೂ ಒಳಗೊಳಗೇ ಅಳುಕಿತ್ತು. ಕೆಲವು ಗೋಡೆಗಳು ಯಾರದೋ ಪುಣ್ಯದಿಂದ ನಿಂತಿರುತ್ತವೆ.

ಹಿತ್ತಲ ಗೋಡೆಯೂ ಮಣ್ಣು ತಡೆಯುವುದೇ, ಹೆಚ್ಚುಕಮ್ಮಿ ಐದಡಿ ಎತ್ತರ. ತಲೆಯ ಹತ್ತಿರ ದಪ್ಪ ಒಂದೂವರೆ ಅಡಿ. ನೋಡಿ, ಇಷ್ಟೇ ಎಂದು ಮಾಲೀಕರು ಅದನ್ನೇ ತೋರಿಸಿದರು. ಗೋಡೆ ಮುಗಿಯುವ ತುದಿಯಲ್ಲಿ ಮೇಸ್ತ್ರಿ ಹಾರೆ ಹಾಕಿ ಬುಡ ಬಿಡಿಸುತ್ತ ಹೋದರು. ಕೆಳಗಿಳಿದಂತೆಲ್ಲ ಪ್ರತಿ ವರಸೆಯ ಕಲ್ಲೂ ಮಣ್ಣಿನ ಒಳಕ್ಕೆ ಇನ್ನಷ್ಟು ಚಾಚಿಕೊಂಡಿತ್ತು. ತಳ ಸಿಕ್ಕಾಗ ಟೇಪಿನ ಒಂದು ತುದಿಯನ್ನು ಮಾಲೀಕರ ಕೈಗೇ ಕೊಟ್ಟೆ. ನಾಲ್ಕು ಅಡಿ ಬಂತು. ನಾನು ಕೇಳಿದ್ದಕ್ಕಿಂತ ಅರ್ಧ ಅಡಿ ಜಾಸ್ತಿ.

ಅವರು ಬಗ್ಗಿ ಟೇಪಿನ ಅಂಕಿಯನ್ನು ತಾವೇ ಇನ್ನೊಮ್ಮೆ ಓದಿದರು. ಆಮೇಲೆ, “ಸಂಪ್ ಎಷ್ಟ್ ಸರಿಸ್ಬೇಕು?” ಎಂದರು.

ಗೃಹಪ್ರವೇಶಕ್ಕೆ ಕರೆದಿದ್ದರು, ಹೋದೆ. ಬಂದವರಿಗೆಲ್ಲ ಗೋಡೆ ತೋರಿಸಿ, ತಾತನ ಅಳತೆಯಲ್ಲೇ ಕಟ್ಟಿಸಿದ್ದು ಎನ್ನುತ್ತಿದ್ದರು. ಅಳತೆ ತಾತನದೇ ಆಗಲಿ, ನನ್ನದೇನೂ ಹೋಗುವುದಿಲ್ಲ; ಒಂದಿಂಚೂ ಬಿಟ್ಟುಕೊಡದೆ ಕಟ್ಟಿಸಿದವಳು ನಾನು. ಗೋಡೆಯ ಮೇಲಿಂದ ಬಗ್ಗಿ ನೋಡಿದೆ. ಆಚೆ ಆ ಹೆಂಗಸು ಅದೇ ಗೋಡೆಗೆ ಬೆನ್ನು ಕೊಟ್ಟು ಕೂತು ಅವರೆಕಾಯಿ ಸುಲಿಯುತ್ತಿದ್ದರು.