ಹುಲಿಯಪ್ಪ ಮೇಷ್ಟ್ರು ಬರೆದುಕೊಟ್ಟ ಹೇಳಿಕೆ

ಚಳ್ಳಕೆರೆಯಲ್ಲಿ ಕಾರು ಓಡಿಸುವ ಯಾರನ್ನಾದರೂ ನಿಲ್ಲಿಸಿ, ಯಾರ ಹತ್ತಿರ ಕಲಿತಿರಿ ಎಂದು ಕೇಳಿ ನೋಡಿ. ಹತ್ತರಲ್ಲಿ ನಾಲ್ಕು ಜನ ಹುಲಿಯಪ್ಪ ಮೇಷ್ಟ್ರು ಎನ್ನುತ್ತಾರೆ. ಎನ್ನುವಾಗ ಅವರ ಕೈ ತಾನಾಗಿ ನೆತ್ತಿಗೆ ಹೋಗುತ್ತದೆ. ಏಕೆಂದರೆ ಹುಲಿಯಪ್ಪನ ಪಾಠ ಅರ್ಧ ಕಿವಿಗೆ, ಅರ್ಧ ನೆತ್ತಿಗೆ. ಕಲಿಯಲು ಬಂದವನು ಆಫೀಸಿನ ಗುಮಾಸ್ತನಿರಲಿ, ಎಣ್ಣೆ ಮಿಲ್ಲಿನ ಸಾಹುಕಾರರ ಮಗನಿರಲಿ, ತಪ್ಪಿದರೆ ಒಂದು ಮೊಟಕು ಗ್ಯಾರಂಟಿ.

ಇಪ್ಪತ್ತೆರಡು ವರ್ಷದಿಂದ ಅವನು ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಾನೆ. ಕೂರುವುದು ಎಡಗಡೆ ಸೀಟಿನಲ್ಲಿ. ಕಲಿಯುವವರು ಗಾಬರಿಯಾದರೆ ತುಳಿಯಲೆಂದು ಅವನ ಕಾಲ ಹತ್ತಿರವೂ ಒಂದು ಬ್ರೇಕು, ಒಂದು ಕ್ಲಚ್ಚು ಇವೆ. ಪಾಠವೆಲ್ಲ ಮುಗಿದು ಗಾಡಿ ನಿಂತ ಮೇಲೆ ಅವನ ಬಾಯಿಂದ ಒಂದು ಮಾತು ಬಂದೇ ಬರುತ್ತದೆ: "ಹ್ಯಾಂಡ್ ಬ್ರೇಕ್!" ಎಳೆಯದೆ ಇಳಿದವರನ್ನು ಅವನು ಸುಮ್ಮನೆ ಬಿಟ್ಟದ್ದಿಲ್ಲ. "ಗಾಡಿ ನಿನ್ ಹೆಂಡ್ತಿ ಅಲ್ಲಲೇ, ನಿಲ್ಲು ಅಂದ್ರೆ ನಿಲ್ಲೋಕೆ" ಎನ್ನುತ್ತಿದ್ದ. ಅವನ ಹೆಂಡತಿ ಶಶಿರೇಖಾ ನಿಲ್ಲು ಅಂದರೆ ನಿಲ್ಲುವವಳಲ್ಲ ಎಂಬುದು ಬೇರೆ ಮಾತು. ಇಷ್ಟು ವರ್ಷದಲ್ಲಿ ಇನ್ಶೂರೆನ್ಸಿನವರಿಂದ ಒಂದು ರೂಪಾಯಿ ಕೇಳಿಲ್ಲ ಎಂಬುದನ್ನು ಅವನು ಹೊಸದಾಗಿ ಸೇರುವವರಿಗೆಲ್ಲ ಮೊದಲ ದಿನವೇ ಹೇಳಿಬಿಡುತ್ತಿದ್ದ.

ಒಂದು ಭಾನುವಾರ ಮೊಳಕಾಲ್ಮೂರಿನಲ್ಲಿ ನೆಂಟರ ಮನೆ ಕೆಲಸವಿತ್ತು. ಸ್ಕೂಲಿನ ಕಾರನ್ನೇ ತೆಗೆದುಕೊಂಡು ಒಬ್ಬನೇ ಹೊರಟ. ಬಿ.ಜಿ. ಕೆರೆ ದಾಟಿ ಒಳದಾರಿಗೆ ತಿರುಗಿ ಏರು ಹತ್ತುವಾಗ ಎದುರಿಗೆ ದೇವರ ಎತ್ತುಗಳ ಹಿಂಡು ರಸ್ತೆ ದಾಟುತ್ತಿತ್ತು. ದೇವರ ಹೆಸರಿಗೆ ಬಿಟ್ಟ ಈ ಎತ್ತುಗಳನ್ನು ಹೂಡುವಂತಿಲ್ಲ, ಮಾರುವಂತಿಲ್ಲ. ಕಾಯುವುದಕ್ಕೆ ಅಂತಲೇ ಒಬ್ಬ ಕಿಲಾರಿ ಇರುತ್ತಾನೆ. ಹುಲಿಯಪ್ಪನ ಕುಲದವರು ಇವುಗಳಿಗೆ ಹಾರ್ನ್ ಹೊಡೆದು ದಾರಿ ಬಿಡಿಸಿಕೊಳ್ಳುವುದಿಲ್ಲ. ಇಳಿದು, ಚಪ್ಪಲಿ ಬಿಟ್ಟು, ಕೈ ಮುಗಿದು, ಅವು ಹೋದ ಮೇಲೆ ಹೋಗುತ್ತಾರೆ.

ಹುಲಿಯಪ್ಪ ಗಾಡಿ ನಿಲ್ಲಿಸಿದ. ಚಪ್ಪಲಿ ಕಾರಿನಲ್ಲೇ ಬಿಟ್ಟ. ರೂಢಿಯಂತೆ ಬಾಯಿ ಬಿಟ್ಟು ಗಟ್ಟಿಯಾಗಿ "ಹ್ಯಾಂಡ್ ಬ್ರೇಕ್!" ಎಂದ. ಎಂದು ಇಳಿದುಹೋದ.

ಎಳೆಯುವವರು ಯಾರು? ಇಪ್ಪತ್ತೆರಡು ವರ್ಷ ಅವನು ಹೇಳಿದ್ದಾನೆ, ಎಳೆದದ್ದು ಶಿಷ್ಯರ ಕೈ. ಹೇಳಿದ ಮೇಲೆ ಕೆಲಸ ಆಯಿತು ಎಂದು ಅವನ ಮೈಗೆ ಒಗ್ಗಿಹೋಗಿತ್ತು. ಹಿಂಡಿನ ಕೊನೆಯ ಮುದಿ ಎತ್ತಿನ ಕಾಲು ಮುಟ್ಟಿ ಹಣೆಗೆ ಒತ್ತಿಕೊಳ್ಳುವಷ್ಟರಲ್ಲಿ ಹಿಂದೆ ಧಡಾರ್ ಅಂತು. ಕಾರು ಇಳಿಜಾರಿನಲ್ಲಿ ತಾನೇ ಹಿಂದಕ್ಕೆ ಉರುಳಿ ಮೋರಿಯ ಕಟ್ಟೆಗೆ ಗುದ್ದಿ ನಿಂತಿತ್ತು. ಸದ್ದಿಗೆ ಎತ್ತುಗಳು ಬೆದರಿ ರಸ್ತೆಯ ಆಚೆ ಈಚೆ ಚೆದರಿದವು.

ಹಿಂಡಿನ ಮುಂದೆ ಹೋಗುತ್ತಿದ್ದ ಕಿಲಾರಿ ಸಣ್ಣತಿಮ್ಮಪ್ಪ ಕೋಲು ಊರಿಕೊಂಡು ಓಡೋಡಿ ಬಂದ. ಎಪ್ಪತ್ತರ ಹತ್ತಿರದ ಮುದುಕ. ಅವನು ಬರುವಷ್ಟರಲ್ಲಿ ಹುಲಿಯಪ್ಪ ಕಾರಿನ ಪಕ್ಕ ಬಂದು ನಿಂತಿದ್ದ.

"ಏನಾತು ಮೇಷ್ಟ್ರೇ? ಪೆಟ್ಟಾತಾ?"

"ಏನಿಲ್ರಿ ಯಜಮಾನ್ರೆ. ಹೋಗ್ರಿ ನೀವು" ಎಂದ ಹುಲಿಯಪ್ಪ. ಮುಖ ಕಿವಿಯವರೆಗೂ ಬಿಸಿಯಾಗಿತ್ತು. ಬ್ರೇಕು ಎಳೆದಿರಲಿಲ್ಲ ಎಂಬ ಎರಡು ಮಾತು ಆಗಲೇ ಆಡಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮರ್ಯಾದಸ್ಥನ ನಾಲಿಗೆ ಅಂಥ ಹೊತ್ತಿಗೇ ಸತ್ತುಹೋಗುತ್ತದೆ.

ಮರುದಿನ ಗ್ಯಾರೇಜಿನ ಚಂದ್ರಣ್ಣ ಕಾರಿನ ಹಿಂಭಾಗ ನೋಡಿ ನಕ್ಕ. ಅವನೂ ಹಳೇ ಶಿಷ್ಯನೇ. "ಯಾವ ಪುಣ್ಯಾತ್ಮ ಮೇಷ್ಟ್ರೇ? ಹ್ಯಾಂಡ್ ಬ್ರೇಕ್ ಮರ್ತಿರ್ಬೇಕು. ಮೊಟಕಿದ್ರಾ ಇಲ್ವಾ?"

ಹುಲಿಯಪ್ಪನಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು. "ಎಷ್ಟಾಗ್ತೈತೆ ಹೇಳು" ಎಂದ.

ಮೂವತ್ತೆಂಟು ಸಾವಿರ ಅಂದ ಚಂದ್ರಣ್ಣ. ಮನೆಯಲ್ಲಿ ಅಷ್ಟು ದುಡ್ಡಿತ್ತು. ಮಾಳಿಗೆ ಮೇಲೊಂದು ರೂಮು ಹಾಕಿಸಲು ಶಶಿರೇಖಾ ಎರಡು ವರ್ಷ ಚೀಟಿ ಕಟ್ಟಿ ಎತ್ತಿದ ದುಡ್ಡು. ಅದನ್ನು ಕೇಳಿದಾಗ ಅವಳು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಆಚೆ ಬಂದಳು.

"ವರ್ಷ ವರ್ಷ ಇನ್ಶೂರೆನ್ಸ್ ಕಟ್ತೀಯಲ್ಲ, ಅದೇನು ದೇವರ ಹುಂಡಿಗಾ? ಅವ್ರನ್ನ ಕೇಳು."

"ಕೇಳಿದ್ರೆ ಹೆಂಗಾತು ಅಂತ ಬರ್ದು ಕೊಡ್ಬೇಕು ಕಣೇ."

"ಬರ್ಕೊಡು. ಹೆಂಗಾತು?"

ಹುಲಿಯಪ್ಪ ಅವಳಿಗೂ ಹೇಳಲಿಲ್ಲ. ನಿಜ ಬರೆದುಕೊಟ್ಟರೂ ದುಡ್ಡು ಬರುತ್ತದೆ ಎಂದು ಏಜೆಂಟ್ ಹೇಳಿದ್ದ. ಆದರೆ ಆ ಕಾಗದ ಏಜೆಂಟ್ ಓದುತ್ತಾನೆ, ಗಾಡಿಯ ಪೆಟ್ಟು ನೋಡಲು ಬರುವ ಸರ್ವೇಯರ್ ಓದುತ್ತಾನೆ, ಸಂಜೆಗೆ ನೆಹರೂ ಸರ್ಕಲ್ಲಿನ ಟೀ ಅಂಗಡಿ ಓದುತ್ತದೆ. ಸ್ವಂತ ದುಡ್ಡು ಹಾಕಿದರೆ ಗುಟ್ಟು ಉಳಿಯುತ್ತದೆ, ಹೆಂಡತಿಯ ರೂಮು ಹೋಗುತ್ತದೆ. ಮೂರು ದಿನ ಅತ್ತ ದರಿ ಇತ್ತ ಪುಲಿ ಎಂದು ಒದ್ದಾಡಿದ. ದಾರಿ ತೋರಿಸಿದವನು, ಇನ್ನೂ ಯಾರೋ ಶಿಷ್ಯನದೇ ತಪ್ಪು ಎಂದುಕೊಂಡಿದ್ದ ಚಂದ್ರಣ್ಣ.

"ಶಿಷ್ಯರ ಹೆಸರು ಹಾಕಿದ್ರೆ ಲೈಸೆನ್ಸ್ ತೋರ್ಸಿ ಅಂತಾರೆ. ದನ ಅಡ್ಡ ಬಂತು, ತಪ್ಸೋಕೆ ರಿವರ್ಸ್ ತಗಂಡೆ, ಮೋರಿಗೆ ತಾಗ್ತು ಅಂತ ಬರೀರಿ. ದನುಕ್ಕೆ ಏನ್ ಲೈಸೆನ್ಸ್ ಕೇಳ್ತಾರಾ?"

ಹುಲಿಯಪ್ಪ ಹಾಗೇ ಬರೆದ. ದೇವರ ಎತ್ತು ಎಂದು ಬರೆಯಲು ಕೈ ಏಳಲಿಲ್ಲ. ಕಾಲು ಮುಟ್ಟಿ ಹಣೆಗೆ ಒತ್ತಿಕೊಂಡಿದ್ದನ್ನು 'ದನ' ಎಂದು ಬರೆದ. 'ಕಾಯುವವರು ಗಮನಿಸದ ಕಾರಣ' ಎಂಬುದನ್ನು ಚಂದ್ರಣ್ಣ ಸೇರಿಸಲು ಹೇಳಿದಾಗ ಒಂದು ಗಳಿಗೆ ಪೆನ್ನು ನಿಂತಿತು. ಆಮೇಲೆ ಅದನ್ನೂ ಬರೆದು, ತನ್ನ ಸುಂದರವಾದ ಸಹಿ ಹಾಕಿದ. ಆ ರಾತ್ರಿ ಅನ್ನ ಸೇರಲಿಲ್ಲ. ಹೊಟ್ಟೆ ಸರಿಯಿಲ್ಲ ಎಂದ, ಶಶಿರೇಖಾ ಜೀರಿಗೆ ನೀರು ಕೊಟ್ಟಳು. ಅದನ್ನು ಕುಡಿಯುವಾಗಲೂ ನಾಚಿಕೆಯಾಯಿತು.

ಹತ್ತು ದಿನ ಕಳೆಯಿತು. ಕಾರಿನ್ನೂ ಗ್ಯಾರೇಜಿನಲ್ಲೇ ಇತ್ತು. ಊರಾಚೆಯ ಬಯಲಿನಲ್ಲಿ ಬಾಡಿಗೆ ಕಾರು ತಂದು ಪಾಠ ನಡೆಸುತ್ತಿದ್ದ. ಅವತ್ತು ಬೆಳಿಗ್ಗೆ ಪ್ರೈಮರಿ ಸ್ಕೂಲಿನ ಗೀತಮ್ಮ ಟೀಚರ್ ಸ್ಟೇರಿಂಗ್ ಹಿಡಿದಿದ್ದರು. ಗಾಡಿ ನಿಲ್ಲಿಸಿ, ಬ್ರೇಕೆಳೆಯದೆ ಬಾಗಿಲು ತೆಗೆದರು. ಹುಲಿಯಪ್ಪ ಬಾಯಿ ತೆರೆದ. ತೆರೆದದ್ದನ್ನು ಮುಚ್ಚಿಕೊಂಡ. ಅವನೇ ಕೈ ಚಾಚಿ ಸದ್ದಿಲ್ಲದೆ ಎಳೆದ. ಮೇಷ್ಟ್ರಿಗೆ ಹುಷಾರಿಲ್ಲ ಎಂದೇ ಗೀತಮ್ಮ ತಿಳಿದರು.

ಆ ಹೊತ್ತಿಗೆ ಬಯಲಿನ ಅಂಚಿನಿಂದ ಸಣ್ಣತಿಮ್ಮಪ್ಪ ಬರಿಗಾಲಲ್ಲಿ ನಡೆದು ಬಂದ. ಕೈಯಲ್ಲಿ ಕೋಲು, ಹೆಗಲ ಮೇಲೆ ಒಂದು ಚೀಲ ಶೇಂಗಾ. ಚೀಲವನ್ನು ಹುಲಿಯಪ್ಪನ ಮುಂದೆ ಇಳಿಸಿ ಕೈ ಮುಗಿದ.

"ಮನಸಿನಾಗೆ ಇಟ್ಕಬೇಡ ಮೇಷ್ಟ್ರೇ. ತಪ್ಪಾಗೈತೆ ನಂದು."

"ಏನ್ ತಪ್ಪು? ಕೈ ಇಳಿಸ್ರಿ ಮೊದ್ಲು."

"ಇನ್ಶೂರೆನ್ಸ್ ಹುಡುಗ ಫೋಟೋ ತೆಗ್ಯಾಕೆ ಬಂದಿದ್ದ. ನಿಮ್ ದನ ಗಾಡಿಗೆ ಅಡ್ಡ ಬಂತಂತೆ, ನೀನು ನೋಡ್ಕಣ್ಲಿಲ್ವಂತೆ ಅಂದ. ನಾನು ಹಂಗೇನಿಲ್ಲಪ್ಪ, ಎಲ್ಲಾ ದಾಟಿದ್ವು ಅಂದೆ. ಮೇಷ್ಟ್ರೇ ಬರ್ಕೊಟ್ಟವ್ರೆ ಅಂತ ಕಾಗ್ದ ಓದಿದ. ನೀನು ಬರ್ದ ಮ್ಯಾಲೆ ಮುಗೀತಲ್ಲ. ನನಗೇ ಕಂಡಿಲ್ಲ."

ಹುಲಿಯಪ್ಪ ಗೀತಮ್ಮನ ಕಡೆ ನೋಡಿದ. ಅವರು ಕಾರಿಗೆ ಒರಗಿ ಕೇಳಿಸಿಕೊಳ್ಳುತ್ತಿದ್ದರು.

"ಅವತ್ತಿಂದ ಎತ್ತು ಎಣಿಸಿದ್ದೇ ಎಣಿಸಿದ್ದು" ಎಂದ ಮುದುಕ. "ಎಣಿಸಿ ಮುಗ್ಸಿದ್ರೆ ಮತ್ತೆ ಅನುಮಾನ. ನೋಡಿದ್ದು ದಿಟವೋ ಸುಳ್ಳೋ ಅಂತ. ರೋಡಿಗೆ ಎತ್ತು ಹಾರಿದ್ದು ಕಾಣ್ದೋನ ಕೈಯಾಗೆ ಕೋಲು ಇರಬಾರ್ದು. ಕುಲದ ಯಜಮಾನ್ರಿಗೆ ಹೇಳೀನಿ. ಸೋಮವಾರ ಕೋಲು ಒಪ್ಪಿಸ್ಬಿಡ್ತೀನಿ. ನಮ್ಮಪ್ಪ ಕೊಟ್ಟ ಕೋಲು. ನಲ್ವತ್ತಾರು ವರ್ಷ ಕಾದೆ, ಸಾಕು."

ಅವನ ದನಿಯಲ್ಲಿ ದೂರಿರಲಿಲ್ಲ. ಅದೇ ಹುಲಿಯಪ್ಪನನ್ನು ಕೊಂದಿದ್ದು. ತನ್ನ ಮರ್ಯಾದೆ ಉಳಿಸಿಕೊಳ್ಳಲು ಎರಡು ಸಾಲು ಬರೆದರೆ, ಅವು ಹೋಗಿ ಈ ಮನುಷ್ಯನ ಕಣ್ಣನ್ನೇ ಕಿತ್ತುಕೊಂಡಿದ್ದವು. ಈಗಲೂ ಒಂದು ದಾರಿ ಇತ್ತು. ಗೀತಮ್ಮನನ್ನು ಕಳಿಸಿ, ಮುದುಕನನ್ನು ಮರದ ಕೆಳಗೆ ಕರೆದುಕೊಂಡು ಹೋಗಿ ಪಿಸುಮಾತಲ್ಲಿ ಹೇಳಬಹುದಿತ್ತು. ಆ ಯೋಚನೆ ಬಂದಿದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ಯಜಮಾನ್ರೆ" ಎಂದ, ಟೀಚರಿಗೂ ಕೇಳುವ ಹಾಗೆ. "ನಿಮ್ ಎತ್ತು ಅಡ್ಡ ಬಂದಿಲ್ಲ. ನಾನು ಇಳಿದು ಕೈ ಮುಗೀತಿದ್ದೆ. ಹ್ಯಾಂಡ್ ಬ್ರೇಕ್ ಎಳ್ದಿರ್ಲಿಲ್ಲ. ಗಾಡಿ ತಾನೇ ಉರುಳಿ ಗುದ್ತು. ನಾಚ್ಕೆ ಆಗಿ ಸುಳ್ಳು ಬರ್ದೆ. ಇವತ್ತೇ ಹೋಗಿ ಆ ಕಾಗ್ದ ವಾಪಸ್ ತಗಂತೀನಿ, ಕುಲದ ಯಜಮಾನ್ರ ಮುಂದೂ ಬಂದು ಹೇಳ್ತೀನಿ. ರಿಪೇರಿ ದುಡ್ಡು ನಂದೇ."

ಗೀತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ ಬೆರಗಾದರೋ ಗೊತ್ತಾಗಲಿಲ್ಲ. ಹುಲಿಯಪ್ಪ ತಲೆ ತಗ್ಗಿಸಿ, ಬೈಗುಳಕ್ಕೆ, ಕೋಲಿನ ಏಟಿಗೆ ಬೇಕಾದರೂ ಸಿದ್ಧನಾಗಿ ನಿಂತ.

ಸಣ್ಣತಿಮ್ಮಪ್ಪನ ಮುಖ ಅಗಲವಾಯಿತು.

"ಹಂಗಾರೆ ನನ್ ಕಣ್ಣು ಸರಿಯಾಗೇ ಅವೆ ಅನ್ನು!"

ಹುಲಿಯಪ್ಪನ ತಪ್ಪು ಅವನಿಗೆ ಬೇಕಾಗಿಯೇ ಇರಲಿಲ್ಲ. ತಿರುಗಿ, ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಬಯಲಿನ ಆ ತುದಿಯವರೆಗೆ ನೋಡಿದ.

"ಅಗಾ, ಆ ಜಾಲಿ ಗಿಡದ ಬುಡದಾಗೆ ಮೇಕೆ ಐತೆ. ಕರೀದು. ಒಂದು ಕಿವಿ ಬಿಳೀದು. ಐತೋ ಇಲ್ಲೋ ಹೇಳು ಮೇಷ್ಟ್ರೇ!"

ಹುಲಿಯಪ್ಪ ಆ ಕಡೆ ನೋಡಿದ. ಕಣ್ಣು ತುಂಬಿಬಂದು ಜಾಲಿ ಗಿಡವೇ ಕಲಸಿಹೋಗಿತ್ತು.

"ನನಗೆ ಕಾಣ್ತಿಲ್ರಿ ಯಜಮಾನ್ರೆ" ಎಂದ.